ಗುಳ್ಳೆ ಏಳುವ ಮೊದಲು

ಹರ್ಪಿಸ್ ಎಂದೊಡನೆ ನಮ್ಮ ಕಡೆ ಸರ್ಪಸುತ್ತು ನೆನಪಾಗುತ್ತದೆ. ಇದು ಅದಲ್ಲ, ಅದೇ ಕುಟುಂಬದ ಇನ್ನೊಂದು ವೈರಸ್, ಹರ್ಪಿಸ್ ಸಿಂಪ್ಲೆಕ್ಸ್. ದೊಡ್ಡವರಲ್ಲಿ ತುಟಿಯ ಮೇಲೋ ಗುಪ್ತಾಂಗದಲ್ಲೋ ಒಂದಷ್ಟು ನೀರುಗುಳ್ಳೆ ಎಬ್ಬಿಸಿ ಅಡಗಿಕೊಳ್ಳುವ ಇದು, ಹೆರಿಗೆಯ ಹೊತ್ತಿಗೆ ಹಸುಗೂಸಿಗೆ ದಾಟಿದರೆ ಯಕೃತ್ತು, ಶ್ವಾಸಕೋಶ, ಮಿದುಳನ್ನೇ ಹಿಡಿಯಬಲ್ಲದು. ಇದಕ್ಕೆ ಔಷಧ ಸಿಕ್ಕಿದ ಕತೆ ಹಲವರಿಗೆ ಗೊತ್ತು. ನನ್ನನ್ನು ಕಾಡಿದ್ದು ಅದನ್ನು ಯಾವಾಗ ಕೊಡಬೇಕು ಎಂಬ ಪ್ರಶ್ನೆಯ ಕತೆ.

ಮೊದಲು ಬಂದದ್ದು ಐಡಾಕ್ಸುಯುರಿಡಿನ್. ಹರ್ಪಿಸ್ ಮಿದುಳಿಗೇರಿದ ರೋಗಿಗಳಿಗೆ ವೈದ್ಯರು ಅದನ್ನು ರಕ್ತನಾಳದ ಮೂಲಕ ಕೊಟ್ಟರು. ಬದುಕಿಕೊಂಡವರನ್ನು ನೋಡಿ ಔಷಧದ ಗುಣವೆಂದು ನಂಬಿದರು. 1975ರಲ್ಲಿ ಪ್ರಕಟವಾದ ನಿಯಂತ್ರಿತ ಪರೀಕ್ಷೆ ಆ ನಂಬಿಕೆಯನ್ನು ಮುರಿಯಿತು: ಉಪಯೋಗವಿಲ್ಲ, ಮೇಲಾಗಿ ಮೂಳೆಮಜ್ಜೆಗೆ ವಿಷ.

ಈ ಹಿನ್ನೆಲೆ ತಿಳಿಯದಿದ್ದರೆ ಮುಂದಿನದು ಕ್ರೌರ್ಯವೆನಿಸುತ್ತದೆ. ಅಲಬಾಮಾ ವಿಶ್ವವಿದ್ಯಾಲಯದ ರಿಚರ್ಡ್ ವಿಟ್ಲಿ ಮತ್ತು ಸಂಗಡಿಗರು ವಿಡರಬಿನ್ ಔಷಧವನ್ನು ಪರೀಕ್ಷಿಸಿದಾಗ ಕೆಲವು ಕೂಸುಗಳಿಗೆ ಔಷಧ, ಕೆಲವಕ್ಕೆ ಔಷಧವಿಲ್ಲದ ಬರಿಯ ದ್ರವ. 1980ರಲ್ಲಿ ಫಲಿತಾಂಶ ಬಂತು. ಸೋಂಕು ಮಿದುಳಿಗೆ ಅಥವಾ ಮೈಯೆಲ್ಲ ಹರಡಿದ ಕೂಸುಗಳಲ್ಲಿ ಸಾವು ಶೇ. 74ರಿಂದ 38ಕ್ಕೆ ಇಳಿದಿತ್ತು. ಆ 74ರ ಅಂಕಿಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಅದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ; ಸರಿಯೆಂದು ಸಲೀಸಾಗಿ ಹೇಳಲೂ ಆಗುವುದಿಲ್ಲ.

ಆದರೆ ವಿಡರಬಿನ್ ನೀರಿನಲ್ಲಿ ಸರಿಯಾಗಿ ಕರಗದು. ತುಸು ಔಷಧಕ್ಕೂ ಬಹಳ ದ್ರವ ಬೇಕು, ಗಂಟೆಗಟ್ಟಲೆ ಡ್ರಿಪ್ ಹಾಕಬೇಕು. ಅಂಥದ್ದನ್ನು ಬರೀ ಅನುಮಾನದ ಮೇಲೆ ಪುಟ್ಟ ಕೂಸಿಗೆ ಹರಿಸಲು ಯಾರ ಕೈಯಾದರೂ ಹಿಂಜರಿಯುತ್ತದೆ. ಆಮೇಲೆ ಬಂದ ಅಸೈಕ್ಲೋವಿರ್, 1991ರ ಹೋಲಿಕೆಯಲ್ಲಿ ಹೆಚ್ಚು ಜೀವವನ್ನೇನೂ ಉಳಿಸಲಿಲ್ಲ. ಗೆದ್ದದ್ದು ಕೊಡಲು ಸುಲಭ, ಅಪಾಯ ಕಡಿಮೆ ಎಂಬ ಕಾರಣಕ್ಕೆ. ನನ್ನ ಮಟ್ಟಿಗೆ ಇಲ್ಲೇ ಪ್ರಶ್ನೆ ಬದಲಾಯಿತು: ಖಚಿತವಾಗುವವರೆಗೆ ಕಾಯಬೇಕಾದ ಔಷಧದ ಜಾಗಕ್ಕೆ, ಅನುಮಾನದ ಮೇಲೂ ಕೊಡಬಹುದಾದ ಔಷಧ ಬಂದಿತ್ತು. 2001ರ ಹೊತ್ತಿಗೆ ದಿನಕ್ಕೆ ಕಿಲೋ ತೂಕಕ್ಕೆ 30 ಮಿಲಿಗ್ರಾಂ ಇದ್ದ ಪ್ರಮಾಣವನ್ನು 60ಕ್ಕೆ ಏರಿಸಿ 21 ದಿನ ಕೊಟ್ಟಾಗ, ಮೈಯೆಲ್ಲ ಹರಡಿದ ಸೋಂಕಿನಲ್ಲೂ ವರ್ಷದೊಳಗಿನ ಸಾವು ಶೇ. 29ಕ್ಕೆ ಇಳಿಯಿತು.

ಅದೇ ವರ್ಷದ ಇನ್ನೊಂದು ಲೇಖನದ ಮಾತು ಮಾತ್ರ ಚುಚ್ಚುವಂಥದ್ದು. ಲಕ್ಷಣ ಕಾಣಿಸಿಕೊಂಡಂದಿನಿಂದ ಚಿಕಿತ್ಸೆ ಶುರುವಾಗುವವರೆಗಿನ ಅವಧಿ ಎರಡು ದಶಕಗಳಲ್ಲಿ ಕಡಿಮೆಯಾಗಿರಲೇ ಇಲ್ಲ! ಔಷಧ ಬದಲಾಗಿತ್ತು, ಕಾಯುವಿಕೆ ಬದಲಾಗಿರಲಿಲ್ಲ. ಕಾರಣ ಊಹಿಸಬಹುದು. ಮಿದುಳಿಗೋ ಮೈಗೆಲ್ಲವೋ ಹರಡಿದ ಕೂಸುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಗುಳ್ಳೆಯೇ ಏಳುವುದಿಲ್ಲ. ಜ್ವರ, ಮಂಕು, ಹಾಲು ಕುಡಿಯದಿರುವುದು: ಯಾವ ಸೋಂಕಿಗೂ ಹೊಂದುವ ಲಕ್ಷಣಗಳು. ಹಾಗೆಂದು ಜ್ವರ ಬಂದ ಪ್ರತಿ ಕೂಸಿಗೂ ಕೊಡೋಣವೆಂದರೆ ರೋಗವೋ ಅಪರೂಪ, ಔಷಧವೋ ಮೂತ್ರಪಿಂಡಕ್ಕೆ ಭಾರ. 2008ರಲ್ಲಿ ಒಂದೇ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಡೇವಿಡ್ ಕಿಂಬರ್ಲಿನ್ ಮತ್ತು ಸಾರಾ ಲಾಂಗ್ ಇದೇ ಪ್ರಶ್ನೆಗೆ ಬೇರೆಬೇರೆ ಸಂಪಾದಕೀಯ ಬರೆದರು.

ತಾಯಿಗೆ ಹೆರಿಗೆಯ ವೇಳೆ ಹುಣ್ಣಿದ್ದು, ಕೂಸು ಆರೋಗ್ಯವಾಗಿ ಕಂಡರೆ ಏನು ಮಾಡಬೇಕೆಂಬುದಕ್ಕೆ 2013ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ದಾರಿ ತೋರಿತು. ಹುಟ್ಟಿ 24 ಗಂಟೆಯಾದ ಮೇಲೆ ಮಾದರಿ ತೆಗೆಯಿರಿ. ತಾಯಿಗೆ ಅದು ಮೊದಲ ಸೋಂಕಾದರೆ ವರದಿಗೆ ಕಾಯದೆ ಔಷಧ ಕೊಡಿ, ಮರುಕಳಿಸಿದ್ದಾದರೆ ಕಾಯಿರಿ. ಲೆಕ್ಕ ಸ್ಪಷ್ಟವಿತ್ತು: ಹೊಚ್ಚ ಹೊಸ ಸೋಂಕು ಕೂಸಿಗೆ ದಾಟುವ ಸಾಧ್ಯತೆ ಶೇ. 57, ಮರುಕಳಿಸಿದ್ದು ದಾಟುವುದು ಶೇ. 2. ಆದರೆ ಸೋಂಕು ತಗಲಿದ ಕೂಸುಗಳ ತಾಯಂದಿರಲ್ಲಿ ಹೆಚ್ಚಿನವರಿಗೆ ತಮಗೆ ಹರ್ಪಿಸ್ ಇದೆಯೆಂದೇ ಗೊತ್ತಿರುವುದಿಲ್ಲ. ಅವರ ಮಕ್ಕಳ ವಿಷಯದಲ್ಲಿ ತೀರ್ಮಾನ ಇಂದಿಗೂ, ರಾತ್ರಿಪಾಳಿಯಲ್ಲಿ ತೊಟ್ಟಿಲ ಬಳಿ ನಿಂತ ವೈದ್ಯರದೇ.