ಲಾಯದ ವಿಶ್ರಾಂತಿಯೂ ಕುದುರೆಯಾಳಿನ ಕೆಲಸವೂ: ಬನವಾಸಿ ನಾಡಿನ ನೆಲೆಯಿಂದ ಒಂದು ವಿವೇಚನೆ

ಕರ್ನಾಟಕದ ಇತಿಹಾಸವನ್ನು ಬರೆದ ವಿದ್ವಾಂಸರು ಕುದುರೆಯ ವಿಷಯವನ್ನು ಎರಡು ಸಂದರ್ಭಗಳಲ್ಲಿ ವಿಶೇಷವಾಗಿ ಚರ್ಚಿಸಿದ್ದಾರೆ. ಒಂದು ಯುದ್ಧ, ಮತ್ತೊಂದು ವ್ಯಾಪಾರ. ಇವೆರಡರ ನಡುವೆ ಮೂರನೆಯದೊಂದು ಉಂಟು. ಸೇನೆಯ ಕುದುರೆ ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ರಣರಂಗದಲ್ಲಲ್ಲ, ಲಾಯದಲ್ಲಿ. ಗಾಯಗೊಂಡ, ಕಾಲು ಕುಂಟುವ ಅಥವಾ ರೋಗಪೀಡಿತವಾದ ಕುದುರೆಯಂತೂ ತಿಂಗಳುಗಟ್ಟಲೆ ಅಲ್ಲಿಯೇ ನಿಲ್ಲಬೇಕು. ಆ ಕಾಲದಲ್ಲಿ ಅದನ್ನು ಹಗ್ಗ ಹಿಡಿದು, ತನಗೂ ಅದಕ್ಕೂ ಅಪಾಯವಾಗದಂತೆ ನಡೆದಾಡಿಸುವವನು ಕುದುರೆಯಾಳು. ಅವನ ಕೆಲಸದ ಸ್ವರೂಪವನ್ನು ಗುರುತಿಸುವುದು, ಅದು ರಾಜ್ಯದ ಹಿತಕ್ಕೆ ಎಷ್ಟು ಆವಶ್ಯಕವಾಗಿತ್ತೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿವೇಚನೆಗೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಪ್ರದೇಶ ಯೋಗ್ಯವಾದ ನೆಲೆ. ಇಲ್ಲಿಯ ತಾಳಗುಂದದ ಸ್ತಂಭಶಾಸನವು, ವಿದ್ಯಾರ್ಜನೆಗಾಗಿ ಕಂಚಿಗೆ ಹೋದ ಮಯೂರಶರ್ಮನಿಗೂ ಪಲ್ಲವರ ‘ಅಶ್ವಸಂಸ್ಥ’ನಿಗೂ ನಡೆದ ಕಲಹವನ್ನು ಹೇಳುತ್ತದೆ. ಆ ಪದಕ್ಕೆ ರಾವುತನೆಂದು ಅನೇಕರು ಅರ್ಥಮಾಡಿದ್ದಾರೆ. ಅದು ಅಶ್ವಮೇಧಕ್ಕೆ ಸಂಬಂಧಿಸಿದುದೆಂಬ ಪಕ್ಷವೂ ಉಂಟು. ಹೇಗಾದರೂ ಕದಂಬ ರಾಜ್ಯದ ಉದಯವನ್ನು ಹೇಳುವ ಶಾಸನದಲ್ಲಿಯೇ ಕುದುರೆಯ ಪ್ರಸ್ತಾಪ ಬಂದಿರುವುದು ಗಮನಾರ್ಹ. ಮುಂದೆ ಬನವಾಸಿ ಪನ್ನಿರ್ಛಾಸಿರಕ್ಕೆ ರಾಜಧಾನಿಯಾಗಿ ಮೆರೆದ ಬಳ್ಳಿಗಾವೆ ಇದೇ ಪ್ರದೇಶದ್ದು. ಅಲ್ಲಿ ಹುಟ್ಟಿದನೆಂದು ಹೇಳಲಾಗುವ ಅಲ್ಲಮಪ್ರಭು, ಕೊಟ್ಟ ಕುದುರೆಯನ್ನು ಏರಲರಿಯದವರ ದೃಷ್ಟಾಂತವನ್ನು ತನ್ನ ಪ್ರಸಿದ್ಧ ವಚನವೊಂದರಲ್ಲಿ ಬಳಸಿಕೊಂಡಿದ್ದಾನೆ. ಅಕ್ಕಮಹಾದೇವಿಯ ಜನ್ಮಸ್ಥಳವಾದ ಉಡುತಡಿಯ ಕಥೆಯನ್ನು ಹೇಳುವವರು, ಕೌಶಿಕನು ವೈಹಾಳಿಯ ಸಂದರ್ಭದಲ್ಲಿ ಮಹಾದೇವಿಯನ್ನು ಕಂಡನೆಂದು ಹೇಳುವುದುಂಟು.

ವೈಹಾಳಿಯೆಂದರೆ ಕುದುರೆಗಳನ್ನು ಬಯಲಿಗೆ ಒಯ್ದು ಓಡಿಸುವ ರಾಜವಿನೋದ. ೧೧೨೬ರಿಂದ ೧೧೩೮ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಇದಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಬನವಾಸಿ ನಾಡು ಆಗ ಅವನ ಆಳ್ವಿಕೆಗೆ ಒಳಪಟ್ಟಿತ್ತು. ೧೭೦೯ರಲ್ಲಿ ಪೂರ್ಣಗೊಂಡ, ಕೆಳದಿಯ ಬಸವರಾಜನ ‘ಶಿವತತ್ತ್ವರತ್ನಾಕರ’ವೂ ಅಶ್ವಶಾಸ್ತ್ರದ ವಿಷಯಗಳನ್ನು ಒಳಗೊಂಡಿದೆ. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯ ಗ್ರಂಥವೂ ಉಂಟು. ಏರುವವನಿಗೆ ‘ರಾವುತ’ನೆಂದೂ ಲಾಯದ ಹಾಗೂ ಕುದುರೆಪಡೆಯ ಅಧಿಕಾರಿಗೆ ‘ಸಾಹಣಿ’ಯೆಂದೂ ಹೆಸರಿತ್ತು. ಶಾಸನಗಳಲ್ಲಿ ಸಾಹಣಿಗಳ ಹೆಸರುಗಳು ದೊರೆಯುತ್ತವೆ. ಹಗ್ಗ ಹಿಡಿದವನ ಹೆಸರನ್ನು ಕೆತ್ತಿಸುವ ಪದ್ಧತಿ ಇರಲಿಲ್ಲ.

ಹೆಸರು ದೊರೆಯದಿದ್ದರೂ ಅವನ ಕರ್ತವ್ಯವನ್ನು ಸ್ಪಷ್ಟವಾಗಿ ತಿಳಿಸುವ ಗ್ರಂಥವೊಂದು ನಮ್ಮ ಮೈಸೂರಿನಲ್ಲಿಯೇ ಬೆಳಕಿಗೆ ಬಂದಿತು. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವಿದೆ. ಲಾಯದ ಮಧ್ಯದಲ್ಲಿ ಕುದುರೆ ಹೊರಳಾಡಲು ಸ್ಥಳವಿರಬೇಕು. ಅಂಗಹೀನವಾದ ಹಾಗೂ ರೋಗಗ್ರಸ್ತವಾದ ಕುದುರೆಗಳನ್ನು ಅಧ್ಯಕ್ಷನು ವರದಿಮಾಡಬೇಕು. ಯುದ್ಧ, ವ್ಯಾಧಿ, ಮುಪ್ಪುಗಳಿಂದ ಕ್ಷೀಣಿಸಿದವಕ್ಕೆ ಜೀವನಾಧಾರದಷ್ಟು ಆಹಾರ ಸಲ್ಲಬೇಕು. ಲಾಯದ ಸೇವಕರನ್ನು ಎಣಿಸುವಾಗ ಮೊದಲು ಬರುವವನು ‘ಸೂತ್ರಗ್ರಾಹಕ’, ಅಂದರೆ ಹಗ್ಗ ಹಿಡಿಯುವವನು. ಕಟ್ಟುವವನು, ಹುಲ್ಲು ತರುವವನು, ಆಹಾರ ಬೇಯಿಸುವವನು ಮುಂತಾದವರು ಅವನ ಅನಂತರ ಬರುತ್ತಾರೆ. ಚಿಕಿತ್ಸಕನು ತಡೆದಿರಿಸಿದ ಕುದುರೆಯನ್ನಾಗಲಿ, ಆಶ್ವಯುಜ ಮಾಸದ ನೀರಾಜನ ವಿಧಿಗಾಗಿ ತಡೆದಿರಿಸಿದ ಕುದುರೆಯನ್ನಾಗಲಿ ಸವಾರಿಗೆ ಒಯ್ದವನಿಗೆ ಹನ್ನೆರಡು ಪಣಗಳ ದಂಡ. ಚಿಕಿತ್ಸೆಯ ಅಲಕ್ಷ್ಯದಿಂದ ರೋಗ ಹೆಚ್ಚಿದರೆ ಅದರ ನಿವಾರಣೆಗೆ ತಗಲುವ ವೆಚ್ಚದ ಇಮ್ಮಡಿ ದಂಡ. ಕುದುರೆಗೆ ವಿಧಿಸಿದ ವಿಶ್ರಾಂತಿಯನ್ನು ಯಾರೂ ಭಂಗಪಡಿಸಕೂಡದೆಂಬ ನಿಯಮವು ರಾಜ್ಯದ ಕಾನೂನಿನ ಗೌರವವನ್ನು ಪಡೆದಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಸವಾರಿಯನ್ನು ನಿಷೇಧಿಸುವುದು ಸುಲಭ. ನಿಷೇಧದ ಅನಂತರ ಲಾಯದಲ್ಲಿ ನಡೆಯುವುದು ಕಷ್ಟ. ಕುದುರೆ ಓಟಕ್ಕಾಗಿಯೇ ಹುಟ್ಟಿದ ಪ್ರಾಣಿ. ಭಯವಾದೊಡನೆ ಓಡುವುದು ಅದರ ಸಹಜ ಸ್ವಭಾವ. ಹುರುಳಿಯಂಥ ಪುಷ್ಟಿಕರವಾದ ಆಹಾರವನ್ನು ಎಂದಿನಂತೆ ಕೊಡುತ್ತ, ದುಡಿಮೆಯಿಲ್ಲದೆ ಕಟ್ಟಿಹಾಕಿದರೆ ಕಾಲುಗಳಲ್ಲಿ ಬಾವು, ಹೊಟ್ಟೆಶೂಲೆ, ಮಾಂಸಖಂಡಗಳ ಸೆಡೆತ ಮುಂತಾದ ತೊಂದರೆಗಳು ತಲೆದೋರುತ್ತವೆ. ಮತ್ತೊಂದು ಕಡೆ, ಖರ್ಚಾಗದ ಶಕ್ತಿ ಮೈಯಲ್ಲಿ ತುಂಬಿ, ಸಾಧುವಾಗಿದ್ದ ಕುದುರೆಯೂ ಬಾಗಿಲು ದಾಟಿದೊಡನೆ ಕುಣಿಯತೊಡಗುತ್ತದೆ. ಮುಂಗಾಲಿನ ಸ್ನಾಯುರಜ್ಜು ಹರಿದ ಕುದುರೆ ಪೂರ್ಣವಾಗಿ ಗುಣಹೊಂದಲು ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಹಿಡಿಯಬಹುದೆಂದು ಇಂದಿನ ಪಶುವೈದ್ಯರು ಹೇಳುತ್ತಾರೆ. ಅಷ್ಟು ದಿನಗಳ ಆರೈಕೆಯು ಒಂದು ಕ್ಷಣದ ನೆಗೆತದಿಂದ ವ್ಯರ್ಥವಾಗಬಲ್ಲದು. ಆದುದರಿಂದ ನಿಯಮಿತವಾದ ನಿಧಾನ ನಡಿಗೆಯೂ ಚಿಕಿತ್ಸೆಯ ಒಂದು ಅಂಗ. ಅದನ್ನು ನಡೆಸುವವನು ನೆಲದ ಮೇಲೆ ನಿಂತಿರುವ ಒಬ್ಬ ಮನುಷ್ಯ. ಅವನ ಕೈಯಲ್ಲಿರುವುದು ತನಗಿಂತ ಆರೇಳು ಪಟ್ಟು ಭಾರವಾದ ಪ್ರಾಣಿ.

ಇಂದಿಗೂ ಲಾಯಗಳಲ್ಲಿ ಅನುಸರಿಸುವ ಕ್ರಮವನ್ನು ನೋಡಿದರೆ ಈ ಕೆಲಸದಲ್ಲಿ ಎಷ್ಟು ವಿವೇಕ ಅಡಗಿದೆಯೆಂಬುದು ತಿಳಿಯುತ್ತದೆ. ವೈದ್ಯನ ಅನುಮತಿಯಿಲ್ಲದೆ ನಡಿಗೆಯನ್ನು ಆರಂಭಿಸಕೂಡದು. ವಿಶ್ರಾಂತಿ ಆರಂಭವಾದೊಡನೆ ಕಾಳನ್ನು ಕಡಿಮೆಮಾಡಿ ಹುಲ್ಲನ್ನು ಹೆಚ್ಚಿಸಬೇಕು. ಗಾಳಿ, ಗದ್ದಲಗಳಿಲ್ಲದ ಹೊತ್ತನ್ನೂ ಜಾರದ ನೆಲವನ್ನೂ ಆರಿಸಿಕೊಳ್ಳಬೇಕು. ಬೆದರುವ ಕುದುರೆಗೆ ಬರಿಯ ತಲೆಹಗ್ಗ ಸಾಲದು, ಕಡಿವಾಣವೂ ಬೇಕು. ಹಗ್ಗ ಉದ್ದವಾಗಿರಬೇಕು, ಆದರೆ ಅದನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಕೂಡದು, ಕುದುರೆ ಎಳೆದರೆ ಕೈಯೇ ಸಿಕ್ಕಿಕೊಳ್ಳುತ್ತದೆ. ಕುದುರೆಯ ಕಣ್ಣಿಗೆ ಮುಖದ ನೇರ ಮುಂದೆ ತೀರ ಹತ್ತಿರದಲ್ಲಿರುವುದೂ ನೇರ ಹಿಂದೆ ಇರುವುದೂ ಕಾಣದು. ಆದ್ದರಿಂದ ಆಳು ಅದರ ಭುಜದ ಪಕ್ಕದಲ್ಲಿ ನಡೆಯಬೇಕು. ತಿರುಗಿಸುವಾಗ ಅದರ ತಲೆಯನ್ನು ತನ್ನಿಂದ ಆಚೆಗೆ ತಳ್ಳಿ ತಿರುಗಿಸಿದರೆ ಅದು ತನ್ನ ಕಾಲು ತುಳಿಯುವ ಭಯವಿಲ್ಲ. ಮತ್ತೆ ಲಾಯದೊಳಗೆ ಬಿಡುವಾಗ ಅದರ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡ ಮೇಲೆಯೇ ಹಗ್ಗ ಬಿಚ್ಚಬೇಕು. ಹಾಗೆ ಮಾಡದಿದ್ದರೆ ಬಿಡುಗಡೆಯ ಸಂಭ್ರಮದಲ್ಲಿ ಅದು ಹಿಂಗಾಲು ಝಾಡಿಸಿದಾಗ ಒದೆ ತಪ್ಪದು. ಮೊದಲ ದಿನಗಳಲ್ಲಿ ಐದು ನಿಮಿಷ ಸಾಕು. ಅನಂತರ ಕ್ರಮಕ್ರಮವಾಗಿ ಹೆಚ್ಚಿಸುತ್ತ ಹೋಗಬೇಕು. ಕೆರಳಿದ ಕುದುರೆಯನ್ನು ಹೊಡೆದು ನಿಲ್ಲಿಸುವುದು ಅವಿವೇಕ. ಮೆಲುದನಿಯಲ್ಲಿ ಮಾತನಾಡಿಸಿ, ಸಣ್ಣ ಸುತ್ತಿನಲ್ಲಿ ತಿರುಗಿಸದೆ, ನಿಲ್ಲಿಸಿ ಒಂದೆರಡು ಹೆಜ್ಜೆ ಹಿಂದಕ್ಕೆ ಸರಿಸಿ, ಅದರ ಗಮನವನ್ನು ತನ್ನ ಕಡೆಗೆ ತಂದುಕೊಳ್ಳಬೇಕು. ಸಣ್ಣ ಸುತ್ತು ನೊಂದ ಕಾಲಿಗೆ ಹಾನಿಕರ.

ಇಂಥ ಜ್ಞಾನಕ್ಕೆ ರಾಜ್ಯದ ಬೊಕ್ಕಸದೊಡನೆ ನೇರವಾದ ಸಂಬಂಧವಿತ್ತು. ದಕ್ಷಿಣ ಭಾರತದ ಹವೆಯಲ್ಲಿ ಉತ್ತಮ ತಳಿಯ ಕುದುರೆಗಳು ಸಾಕಷ್ಟು ಬೆಳೆಯುತ್ತಿರಲಿಲ್ಲವಾದುದರಿಂದ ಅವನ್ನು ಸಮುದ್ರದಾಚೆಯಿಂದ ತರಿಸಬೇಕಾಗಿತ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯ ದೇಶವನ್ನು ಕಂಡ ಮಾರ್ಕೊಪೋಲೊ, ಅಲ್ಲಿಗೆ ಬಂದ ಕುದುರೆಗಳು ಸರಿಯಾದ ಆರೈಕೆಯಿಲ್ಲದೆ ಬೇಗನೆ ಸಾಯುತ್ತಿದ್ದುವೆಂದೂ, ಮಾರಾಟ ನಿಲ್ಲಬಾರದೆಂದು ವರ್ತಕರು ಅಶ್ವವೈದ್ಯರನ್ನು ಬರಗೊಡುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜ್ ಹೇಳುವಂತೆ, ವಿಜಯನಗರದ ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಗೂ, ಬಾಲವನ್ನು ತಂದು ತೋರಿಸಿದರೆ, ಹಣ ಕೊಡುತ್ತಿದ್ದನು. ಈ ಹೇಳಿಕೆಗಳಲ್ಲಿ ಅತಿಶಯೋಕ್ತಿ ಇರಬಹುದು. ಆದರೂ ಅವುಗಳಿಂದ ಹೊರಡುವ ತಾತ್ಪರ್ಯ ಒಂದೇ: ಹೊಸ ಕುದುರೆಯನ್ನು ಕೊಳ್ಳುವುದಕ್ಕಿಂತ ಇದ್ದ ಕುದುರೆಯನ್ನು ಗುಣಪಡಿಸಿಕೊಳ್ಳುವುದು ಲಾಭ. ನೊಂದ ಕುದುರೆಯನ್ನು ಮರಳಿ ಪಡೆಗೆ ಒಪ್ಪಿಸಬಲ್ಲ ಆಳು ಆ ಬೆಲೆಯನ್ನು ರಾಜ್ಯಕ್ಕೆ ಉಳಿಸಿಕೊಟ್ಟಂತೆಯೇ ಸರಿ.

ಬಳ್ಳಿಗಾವೆಯ ಕೋಡಿಯ ಮಠಕ್ಕೆ ಸಂಬಂಧಿಸಿದ ೧೧೬೨ರ ಶಾಸನವು ಅದನ್ನು ವಿದ್ಯೆಗಳ ನೆಲೆಯೆಂದೂ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ವರ್ಣಿಸುತ್ತದೆ. ಮನುಷ್ಯರ ಆರೈಕೆಯು ಪುಣ್ಯಕಾರ್ಯವಾದುದರಿಂದ ಶಿಲೆಯಲ್ಲಿ ನಿಂತಿತು. ಕುದುರೆಯ ಆರೈಕೆಯು ನಿತ್ಯದ ದುಡಿಮೆ; ಅದು ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ ಬಂದಿತೇ ಹೊರತು ಶಿಲೆಗೆ ಏರಲಿಲ್ಲ. ಶಾಸ್ತ್ರಗ್ರಂಥಗಳನ್ನು ಬರೆದವರು ರಾಜರು ಮತ್ತು ಪಂಡಿತರು. ಅವರು ಬರೆದ ವಿಷಯವನ್ನು ದಿನವೂ ಪರೀಕ್ಷೆಗೊಡ್ಡಿದವರು ಈ ಅನಾಮಧೇಯರು.

ಕುಣಿಗಲಿನ ಅಶ್ವಶಾಲೆಯಿಂದ ಮೈಸೂರು ದಸರೆಯ ಅಶ್ವದಳದವರೆಗೆ ಈ ವಿದ್ಯೆ ನಮ್ಮ ನಾಡಿನಲ್ಲಿ ಬಾಳಿಬಂದಿದೆ. ಅದನ್ನು ಬಲ್ಲವರ ಮಾತುಗಳನ್ನು ಸಂಗ್ರಹಿಸುವುದು ಇತಿಹಾಸದ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಉಪಯುಕ್ತ ಕಾರ್ಯ. ವೀರಗಲ್ಲುಗಳಿಂದ ಸಮೃದ್ಧವಾದ ಸೊರಬ-ಶಿಕಾರಿಪುರಗಳ ಗ್ರಾಮಗಳನ್ನು ಸಂದರ್ಶಿಸುವಾಗ ಅವರು ಕುದುರೆಯೇರಿದ ವೀರನನ್ನು ಮಾತ್ರ ನೋಡಿ ಮುಂದೆ ಹೋಗಬಾರದು. ಕುದುರೆಯ ತಲೆಯ ಬಳಿ ಯಾರಾದರೂ ನಿಂತಿರುವರೇ, ನಿಂತಿದ್ದರೆ ಕೈಯಲ್ಲಿ ಏನು ಹಿಡಿದಿದ್ದಾರೆ, ಜೀನು ಕಡಿವಾಣಗಳ ರಚನೆ ಹೇಗಿದೆ ಎಂಬುದನ್ನು ಗುರುತುಹಾಕಿಕೊಳ್ಳಬೇಕು. ಇಂಥ ಸಣ್ಣ ಸಂಗತಿಗಳು ಒಟ್ಟುಗೂಡಿದಾಗ ನಮ್ಮ ಸೈನಿಕ ಇತಿಹಾಸದಲ್ಲಿ ರಾವುತನ ಪಕ್ಕದಲ್ಲಿ ಕುದುರೆಯಾಳಿಗೂ ನ್ಯಾಯವಾದ ಸ್ಥಾನ ದೊರೆತೀತು.