ಕಡಿದ ತಂತಿ, ಹಬ್ಬಿದ ಪುಕಾರು

1857ರ ಮೇ 10, ಭಾನುವಾರ, ಮೀರತ್‌ನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಮೀರತ್‌ಗೂ ದೆಹಲಿಗೂ ನಡುವಿನ ತಂತಿ ಮೂಕವಾಯಿತು. ಮರುದಿನ ಬೆಳಗ್ಗೆ ದೆಹಲಿ ತಂತಿ ಕಚೇರಿಯ ಚಾರ್ಲ್ಸ್ ಟಾಡ್ ಕೆಟ್ಟ ತಂತಿಯನ್ನು ಹುಡುಕಿಕೊಂಡು ಯಮುನೆಯ ಕಡೆ ಹೋದವನು ಹಿಂದಿರುಗಲಿಲ್ಲ. ಕಚೇರಿಯಲ್ಲಿ ಉಳಿದವರು ಬ್ರೆಂಡಿಶ್ ಮತ್ತು ಪಿಲ್ಕಿಂಗ್‌ಟನ್ ಎಂಬ ಇಬ್ಬರು ಎಳೆಯ ಸಿಗ್ನಲರ್‌ಗಳು. ಅಂಬಾಲಾ ಕಡೆಯ ತಂತಿ ಇನ್ನೂ ಕೆಲಸ ಮಾಡುತ್ತಿತ್ತು. ಮೀರತ್‌ನಿಂದ ಬಂದ ಸಿಪಾಯಿಗಳು ಬಂಗಲೆಗಳಿಗೆ ಬೆಂಕಿ ಇಡುತ್ತಿದ್ದಾರೆ, ನಾವೂ ಕಚೇರಿ ಬಿಡಬೇಕಾಗಿದೆ ಎಂದು ಅದರಲ್ಲಿ ತಿಳಿಸಿ ಅವರು ಹೊರಟರು. ಆ ಸುದ್ದಿ ಲಾಹೋರ್ ಮುಟ್ಟಿತು, ಮೇ 13ರ ಬೆಳಗ್ಗೆ ಅಲ್ಲಿನ ಮಿಯಾನ್ ಮೀರ್ ದಂಡುಪ್ರದೇಶದಲ್ಲಿ ಸಿಪಾಯಿಗಳ ಕೈಯಿಂದ ಬಂದೂಕು ಕಿತ್ತುಕೊಳ್ಳಲಾಯಿತು. ಭಾರತವನ್ನು ಉಳಿಸಿದ್ದು ತಂತಿಯೇ ಎಂಬ ಮಾತು ಆಂಗ್ಲ ಅಧಿಕಾರಿಗಳಲ್ಲಿ ರೂಢಿಯಾಯಿತು, 1902ರಲ್ಲಿ ದೆಹಲಿಯಲ್ಲಿ ಅದಕ್ಕೊಂದು ಸ್ಮಾರಕಸ್ತಂಭವೂ ನಿಂತಿತು. ಉಳಿದ ತಂತಿಯ ಕಥೆ ಹೀಗೆ ಕಲ್ಲಿನಲ್ಲಿ ನಿಂತಿದೆ. ಕಡಿದ ತಂತಿಯ ಕಥೆಗೆ ಅಂಥ ಗುರುತಿಲ್ಲ. ಸುದ್ದಿ ನಿಂತ ಮೇಲೆ ಜನ ಏನೆಂದುಕೊಂಡರು, ಅಧಿಕಾರಿಗಳು ಏನೆಂದುಕೊಂಡರು, ಅಂದುಕೊಂಡದ್ದರಿಂದ ಏನೇನಾಯಿತು ಎಂಬುದನ್ನು ಬೇರೆಬೇರೆ ಕಡೆಯಿಂದ ಹೆಕ್ಕಿ ಜೋಡಿಸಬೇಕು.

ತಂತಿ ಕಡಿದರೆ ಸುದ್ದಿ ನಿಲ್ಲುತ್ತದೆ, ಸುದ್ದಿ ನಿಂತ ಜಾಗವನ್ನು ಪುಕಾರು ತುಂಬುತ್ತದೆ, ತಂತಿ ಬೆಸೆದರೆ ಪುಕಾರು ಅಡಗುತ್ತದೆ ಎನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಇದರಲ್ಲಿ ಪುಕಾರು ಯಾವಾಗಲೂ ಏನೂ ತಿಳಿಯದ ಜನರದ್ದು, ತಿಳಿವಳಿಕೆ ಸರ್ಕಾರದ್ದು. 1857 ಮತ್ತು 1942, ಈ ದೇಶದಲ್ಲಿ ತಂತಿಯ ಮೇಲೆ ದೊಡ್ಡ ಪ್ರಮಾಣದಲ್ಲಿ ದಾಳಿ ನಡೆದ ಎರಡು ವರ್ಷಗಳು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. ಪುಕಾರಿಗೆ ಬೇಕಾದದ್ದು ಸುದ್ದಿಯ ಕೊರತೆಗಿಂತ ಹೆಚ್ಚಾಗಿ ಸುದ್ದಿ ಹೇಳುವವರ ಮೇಲಿನ ಅಪನಂಬಿಕೆ. ಇನ್ನು ಹೆಚ್ಚು ಹಾನಿ ಮಾಡಿದ ಊಹೆಗಳು ಹುಟ್ಟಿದ್ದು ಸಂತೆಯಲ್ಲಲ್ಲ, ಕಚೇರಿಗಳಲ್ಲಿ.

ಕಲ್ಕತ್ತೆಯನ್ನೇ ನೋಡಿ. 1857ರ ಜೂನ್ 14ರ ಭಾನುವಾರ ಅಲ್ಲಿನ ಐರೋಪ್ಯರು ಮನೆಮಠ ಬಿಟ್ಟು ಕೋಟೆಗೂ ನದಿಯಲ್ಲಿದ್ದ ಹಡಗುಗಳಿಗೂ ಓಡಿದರು. ಬ್ಯಾರಕ್‌ಪುರದ ಸಿಪಾಯಿಗಳು ನಗರದ ಮೇಲೆ ಬರುತ್ತಿದ್ದಾರೆ ಎಂಬ ಗುಲ್ಲು ಎದ್ದಿತ್ತು. ಮೇಲ್ನಾಡಿನ ತಂತಿಗಳು ಹರಿದುಹೋಗಿದ್ದವು ನಿಜ, ಆದರೆ ಬ್ಯಾರಕ್‌ಪುರ ಮೇಲ್ನಾಡಲ್ಲ. ಕುದುರೆ ಹತ್ತಿ ಹೊರಟವನು ಕೆಲವು ಗಂಟೆಗಳಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರ. ಅದೇ ದಿನ ಅಲ್ಲಿನ ಸಿಪಾಯಿಗಳನ್ನು ಕವಾಯತಿಗೆ ನಿಲ್ಲಿಸಿ ಆಯುಧ ಇಳಿಸಿಕೊಂಡಾಗ ಅವರು ತಕರಾರಿಲ್ಲದೆ ಇಳಿಸಿದ್ದರು. ನಿಜ ತಿಳಿಯುವ ದಾರಿ ತೆರೆದೇ ಇತ್ತು, ಅದನ್ನು ಹಿಡಿಯುವ ವ್ಯವಧಾನ ಯಾರಿಗೂ ಇರಲಿಲ್ಲ. ಹಿಂದಿನ ದಿನ, ಜೂನ್ 13ರಂದು, ಗವರ್ನರ್ ಜನರಲ್ ಕ್ಯಾನಿಂಗ್ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾಯಿದೆ ತಂದಿದ್ದ. ಮರುದಿನ, ಜೂನ್ 15ರಂದು, ರಾಜ್ಯ ಕಳೆದುಕೊಂಡು ಕಲ್ಕತ್ತೆಯ ಅಂಚಿನಲ್ಲಿ ನೆಲೆಸಿದ್ದ ಅವಧದ ನವಾಬ ವಾಜಿದ್ ಅಲಿ ಶಾಹ್‌ನನ್ನು ಸಂಚಿನ ಶಂಕೆಯ ಮೇಲೆ ಫೋರ್ಟ್ ವಿಲಿಯಂಗೆ ಒಯ್ದು ಕೂಡಿಹಾಕಲಾಯಿತು. ಅವನು ಹೊರಬಂದದ್ದು ಸುಮಾರು ಎರಡು ವರ್ಷಗಳ ನಂತರ. ದೊರೆಗಳ ಓಟವನ್ನು ಆಮೇಲೆ ಆಂಗ್ಲರೇ ನಕ್ಕು ಬರೆದರು. ನವಾಬನ ಸೆರೆ ಮಾತ್ರ ನಗೆಯ ವಸ್ತುವಾಗಿರಲಿಲ್ಲ. ಎರಡರ ಹಿಂದೆಯೂ ಇದ್ದದ್ದು ಒಂದೇ ಬಗೆಯ ಊಹೆ.

ಇದಕ್ಕಿಂತ ಕ್ರೂರವಾದ ಉದಾಹರಣೆಯೂ ಇದೆ. ದೆಹಲಿಯಲ್ಲಿ ಆಂಗ್ಲ ಹೆಂಗಸರ ಮಾನಭಂಗವಾಯಿತು ಎಂಬ ಕಥೆಗಳು ಭಾರತದ ಮತ್ತು ಲಂಡನ್ನಿನ ಪತ್ರಿಕೆಗಳಲ್ಲಿ ಬೆಳೆಬೆಳೆದು ಪ್ರಕಟವಾದವು. ಹಳ್ಳಿಗಳನ್ನು ಸುಟ್ಟು, ದಾರಿಬದಿಯ ಮರಗಳಿಗೆ ಜನರನ್ನು ತೂಗುಹಾಕಿದ ಸೈನ್ಯಕ್ಕೆ ಈ ಕಥೆಗಳೇ ಸಮರ್ಥನೆ. ಆಗ್ರಾದಲ್ಲಿ ಗುಪ್ತಚರ ವಿಭಾಗ ನೋಡಿಕೊಳ್ಳುತ್ತಿದ್ದ ವಿಲಿಯಂ ಮ್ಯೂರ್ ಇದರ ಬಗ್ಗೆ ಅಧಿಕಾರಿಗಳನ್ನು ವಿಚಾರಿಸಿ ಹೇಳಿಕೆಗಳನ್ನು ಕಲೆಹಾಕಿದಾಗ ನಂಬಬಹುದಾದ ಪುರಾವೆ ಸಿಗಲಿಲ್ಲ. ಕೊಲೆಗಳು ನಡೆದಿದ್ದವು, ಅದರಲ್ಲಿ ಸಂಶಯವಿಲ್ಲ. ಅವುಗಳ ಮೇಲೆ ಕಟ್ಟಿದ ಉಳಿದ ಕಥೆಗೆ ಆಧಾರವಿರಲಿಲ್ಲ. ವಿಚಾರಣೆ ಮುಗಿಯುವಷ್ಟರಲ್ಲಿ ಸೇಡು ತೀರಿಸಿಕೊಳ್ಳುವ ಕೆಲಸ ಬಹುಪಾಲು ಮುಗಿದಿತ್ತು.

ತಂತಿ ಕಡಿಯದೇ ಇದ್ದಿದ್ದರೆ ಇದೆಲ್ಲ ನಡೆಯುತ್ತಿರಲಿಲ್ಲವಲ್ಲ ಎಂದು ಕೇಳಬಹುದು. ಆದರೆ ಚಪಾತಿಗಳು ಊರಿಂದೂರಿಗೆ ಸಾಗಿ, ಅದರ ಅರ್ಥವೇನೆಂದು ಜನರೂ ಕಲೆಕ್ಟರುಗಳೂ ತಲೆ ಕೆಡಿಸಿಕೊಂಡದ್ದು 1857ರ ಆರಂಭದ ತಿಂಗಳುಗಳಲ್ಲಿ, ಎಲ್ಲ ತಂತಿಗಳೂ ನೆಟ್ಟಗಿದ್ದಾಗ. ತೋಟಾಗಳಿಗೆ ಸವರಿದ ಕೊಬ್ಬಿನ ಮಾತು ದಂಡಿನಿಂದ ದಂಡಿಗೆ ಹಬ್ಬಿದ್ದೂ ಆಗಲೇ. ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಮುಂದಿನ ಶತಮಾನದ್ದು. 1942ರ ಮಾರ್ಚ್ ಕೊನೆಯಲ್ಲಿ ಸುಭಾಷ್‌ಚಂದ್ರ ಬೋಸ್ ವಿಮಾನ ಅಪಘಾತದಲ್ಲಿ ಸತ್ತರೆಂಬ ಸುದ್ದಿಯನ್ನು ಹೊತ್ತು ತಂದದ್ದು ರಾಯ್ಟರ್ಸ್, ಯಾರೂ ಕೈಯಿಡದ ತಂತಿಗಳ ಮೇಲೆ. ಗಾಂಧೀಜಿ ಬೋಸರ ತಾಯಿಗೆ ಸಂತಾಪದ ತಂತಿ ಕಳಿಸಿದರು. ಸುದ್ದಿ ಸುಳ್ಳೆಂದು ತಿಳಿಯಿತು, ಬರ್ಲಿನ್ನಿನ ಬಾನುಲಿಯಲ್ಲಿ ಬೋಸರ ದನಿಯೂ ಕೇಳಿತು. ಅದಾಗಿ ಐದು ತಿಂಗಳೂ ಕಳೆದಿರಲಿಲ್ಲ, ಅದೇ ಜನ ಸರ್ಕಾರದ ಮಾತನ್ನು ನಂಬಬೇಕಾದ ಹೊತ್ತು ಬಂತು.

ಆ ಹೊತ್ತಿಗೆ ನಂಬಿಕೆ ಕುಸಿಯಲು ಬೇರೆ ಕಾರಣಗಳೂ ಇದ್ದವು. ಸಿಂಗಪುರ ಜಪಾನೀಯರ ಕೈಗೆ ಬಿದ್ದಿತ್ತು, ರಂಗೂನ್ ಬಿದ್ದಿತ್ತು, ಬರ್ಮಾದಿಂದ ನಡೆದು ಬಂದವರು ಕಣ್ಣಾರೆ ಕಂಡದ್ದನ್ನು ಊರೂರಿಗೆ ಹೇಳಿದ್ದರು. ಏಪ್ರಿಲ್‌ನಲ್ಲಿ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿದ್ದ ಮೇಲೆ ಮದ್ರಾಸ್ ನಗರದಿಂದ ಜನ ದೊಡ್ಡ ಸಂಖ್ಯೆಯಲ್ಲಿ ಹೊರಟುಹೋಗಿದ್ದರು. ಜನ ಅಂಚೆ ಕಚೇರಿಯ ಉಳಿತಾಯ ಖಾತೆಯಿಂದ ದುಡ್ಡು ತೆಗೆದು ಬೆಳ್ಳಿ ನಾಣ್ಯ ಕೂಡಿಡತೊಡಗಿದ್ದರು. ಆಗಸ್ಟ್ 8ರಂದು ಮುಂಬಯಿಯಲ್ಲಿ ಚಲೇಜಾವ್ ನಿರ್ಣಯ ಆಗುತ್ತಿದ್ದ ದಿನವೇ, ಚಳವಳಿಯ ಸುದ್ದಿಯನ್ನು ಸರ್ಕಾರ ಒಪ್ಪಿದ ಮೂಲಗಳಿಂದಲ್ಲದೆ ಪ್ರಕಟಿಸಬಾರದು ಎಂಬ ಆಜ್ಞೆ ಪತ್ರಿಕೆಗಳಿಗೆ ಹೊರಟಿತು. ಮರುದಿನ ಬೆಳಗಿನ ಜಾವ ನಾಯಕರ ಬಂಧನ. ತಂತಿಗಳು ಕಡಿದದ್ದು ಇದೆಲ್ಲ ಆದ ಮೇಲೆ. 1857ರಲ್ಲಿ ತಂತಿ ಮೊದಲು ಹೋಯಿತು, ಪತ್ರಿಕಾ ಕಾಯಿದೆ ಹಿಂದಿನಿಂದ ಬಂತು. 1942ರಲ್ಲಿ ಕ್ರಮ ತಲೆಕೆಳಗು. ಈ ದಿನಾಂಕಗಳನ್ನು ಸಾಲಾಗಿ ಜೋಡಿಸಿದರೆ, ಸುದ್ದಿಯನ್ನು ಮೊದಲು ಕಡಿದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

1942ರಲ್ಲಿ ಕರ್ನಾಟಕ ಒಂದು ಪ್ರಾಂತವಾಗಿರಲಿಲ್ಲ; ಬೆಳಗಾವಿ ಧಾರವಾಡಗಳು ಮುಂಬಯಿಗೆ, ಬಳ್ಳಾರಿ ಮಂಗಳೂರುಗಳು ಮದ್ರಾಸಿಗೆ ಸೇರಿದ್ದವು, ಮೈಸೂರು ಸಂಸ್ಥಾನ ಬೇರೆ. ಹೀಗೆ ಹರಿದು ಹಂಚಿಹೋಗಿದ್ದ ನಾಡಿನಲ್ಲಿ ತಂತಿ ಕಡಿದ ಪ್ರಕರಣಗಳೇ 1600 ಎಂದು ಇತಿಹಾಸಕಾರರು ಲೆಕ್ಕ ಕೊಡುತ್ತಾರೆ. 26 ರೈಲು ನಿಲ್ದಾಣಗಳು, 32 ಅಂಚೆ ಕಚೇರಿಗಳು ದಾಳಿಗೆ ಸಿಕ್ಕವು. ಈ ಮೂರು ಅಂಕಿಗಳ ನಡುವಿನ ಅಂತರವೇ ಬಹಳಷ್ಟು ಹೇಳುತ್ತದೆ. ನಿಲ್ದಾಣ ಸುಡಲು ಗುಂಪು ಬೇಕು, ಎಣ್ಣೆ ಬೇಕು, ಪೊಲೀಸರಿಲ್ಲದ ಹೊತ್ತು ಬೇಕು. ತಂತಿಗೆ ಒಂದು ಇಕ್ಕಳ, ಕಂಬ ಹತ್ತಬಲ್ಲ ಒಬ್ಬ ಹುಡುಗ ಇದ್ದರೆ ಸಾಕು. ಹೊಲದ ಬದುವಿನಲ್ಲಿ ಸಾಲಾಗಿ ನಿಂತ ಕಂಬಗಳೇ ಹಳ್ಳಿಯವನ ಕೈಗೆಟುಕುವ ಸರ್ಕಾರ.

ಲಂಡನ್ನಿನಿಂದ ನೋಡಿದವರಿಗೆ ಇದು ಬೇರೆಯಾಗಿ ಕಂಡಿತು. ಸೆಪ್ಟೆಂಬರ್ 10ರಂದು ಚರ್ಚಿಲ್ ಪಾರ್ಲಿಮೆಂಟಿನಲ್ಲಿ, ಕಾಂಗ್ರೆಸ್ಸಿನ ಈ ಕೆಲಸಗಳ ಹಿಂದೆ ಜಪಾನಿನ ಒಳಗೂಢಚಾರರ ನೆರವು ವ್ಯಾಪಕವಾಗಿ, ಯುದ್ಧದ ದೃಷ್ಟಿಯಿಂದ ಮುಖ್ಯವಾದ ಜಾಗಗಳನ್ನೇ ಗುರಿಯಿಟ್ಟು ಕೆಲಸ ಮಾಡಿರಬಹುದು ಎಂದರು. ‘ಇರಬಹುದು’ ಎಂಬುದನ್ನು ಬಿಟ್ಟರೆ ಆ ಮಾತಿನಲ್ಲಿ ಆಧಾರವೇನೂ ಇಲ್ಲ. ಸಂತೆಯಲ್ಲಿ ಹುಟ್ಟಿದ ಪುಕಾರಿನ ಲಕ್ಷಣವೂ ಇದೇ. ಬಿಹಾರ ಮತ್ತು ಪೂರ್ವ ಸಂಯುಕ್ತ ಪ್ರಾಂತದ ರೈಲು ಹಳಿ ಕಿತ್ತಿದ್ದರಿಂದ ಅಸ್ಸಾಂ ಗಡಿಯ ಸೈನ್ಯಕ್ಕೆ ಹೋಗುವ ದಾರಿ ಕೆಲವು ದಿನ ಮುಚ್ಚಿದ್ದು ನಿಜವೇ. ಜಪಾನೀಯರು ಗಡಿಯಲ್ಲಿ ನಿಂತಿರುವಾಗ ಸರ್ಕಾರ ಶಂಕಿಸುವುದು ತಪ್ಪೇ ಎಂದು ಕೇಳಿದರೆ, ತಪ್ಪಲ್ಲ. ಆದರೆ ಮುಖ್ಯ ಜಾಗಗಳನ್ನೇ ಆರಿಸಿ ಹೊಡೆದದ್ದು ನಿಜವಾಗಿದ್ದರೆ ಬೆಳಗಾವಿ ಧಾರವಾಡ ಜಿಲ್ಲೆಗಳ ಕಂಬಗಳು ಯಾಕೆ ಉರುಳಬೇಕಿತ್ತು? ನಿಪ್ಪಾಣಿಯ ತಂತಿಗೂ ಬರ್ಮಾದ ರಣರಂಗಕ್ಕೂ ಏನು ನಂಟು? ಚರ್ಚಿಲ್ ತನಗೆ ಬೇಕಾದ ಬಿಂದುಗಳನ್ನಷ್ಟೇ ಜೋಡಿಸಿ ಚಿತ್ರ ಬರೆದರು, 1600 ಬಿಂದುಗಳು ಚಿತ್ರದ ಹೊರಗೇ ಉಳಿದವು. ಆಗಸ್ಟ್ 31ರಂದು ವೈಸ್‌ರಾಯ್ ಲಿನ್‌ಲಿಥ್‌ಗೋ ಚರ್ಚಿಲ್‌ಗೆ ಕಳಿಸಿದ ತಂತಿ ಇನ್ನೂ ಕುತೂಹಲಕರ. 1857ರ ನಂತರ ಇಷ್ಟು ದೊಡ್ಡ ಬಂಡಾಯ ಆಗಿಲ್ಲ, ಇದರ ತೀವ್ರತೆಯನ್ನು ಸೈನಿಕ ಕಾರಣಕ್ಕಾಗಿ ಇದುವರೆಗೆ ಲೋಕದಿಂದ ಮುಚ್ಚಿಟ್ಟಿದ್ದೇವೆ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ಹತ್ತೇ ದಿನಗಳ ನಂತರ ಪಾರ್ಲಿಮೆಂಟಿಗೆ ಸಿಕ್ಕಿದ್ದು, ಗಾಬರಿ ಪಡುವಂಥದ್ದೇನಿಲ್ಲ ಎಂಬ ಸಮಾಧಾನ.

ಜನರ ಪುಕಾರು ನಿರಪಾಯಕಾರಿಯಾಗಿತ್ತೆಂದು ನಾನು ಹೇಳಲಾರೆ. ಪೂರ್ವ ಸಂಯುಕ್ತ ಪ್ರಾಂತದ ಬಲಿಯಾ ಜಿಲ್ಲೆಯಲ್ಲಿ ತಂತಿ, ಹಳಿ ಎರಡೂ ಹೋದ ಮೇಲೆ ಆಂಗ್ಲರ ಆಡಳಿತವೇ ಮುಗಿಯಿತೆಂದು ಜನ ನಂಬಿದರು. ಆಗಸ್ಟ್ 19ರಂದು ಕಲೆಕ್ಟರೇ ಸೆರೆಮನೆಯ ಬಾಗಿಲು ತೆರೆದು ಅಲ್ಲಿನ ಕಾಂಗ್ರೆಸ್ ನಾಯಕ ಚಿತ್ತೂ ಪಾಂಡೆ ಮತ್ತವರ ಜೊತೆಗಾರರನ್ನು ಬಿಟ್ಟಾಗ ಆ ನಂಬಿಕೆ ಸುಳ್ಳಾಗಿರಲಿಲ್ಲ. ಬಲಿಯಾ ಜಿಲ್ಲೆಯ ಮಟ್ಟಿಗೆ ಆಡಳಿತ ನಿಜವಾಗಿಯೂ ಮುಗಿದಿತ್ತು, ಕೆಲವು ದಿನ. ಸೈನ್ಯ ಬಂದಾಗ ಅದರ ಬೆಲೆಯನ್ನು ಹಳ್ಳಿಗಳು ತೆತ್ತವು. ಹೀಗಿದ್ದೂ ಎರಡು ಊಹೆಗಳಲ್ಲಿ ವ್ಯತ್ಯಾಸವಿದೆ. ಬಲಿಯಾ ಜಿಲ್ಲೆಯ ಜನರ ಊಹೆಗೆ ಕಣ್ಣೆದುರಿನ ಆಧಾರವಿತ್ತು, ತಪ್ಪಿದಾಗ ನಷ್ಟ ಊಹಿಸಿದವರದ್ದೇ. ಅಧಿಕಾರಿಗಳ ಊಹೆ ತಪ್ಪಿದಾಗ ನಷ್ಟ ಬೇರೆಯವರದ್ದು. ತಂತಿ ಕಡಿದವನು ಸಿಗದಿದ್ದರೆ ಹತ್ತಿರದ ಊರಿನ ಮೇಲೆಲ್ಲ ಪುಂಡುಗಂದಾಯ ಎಂಬ ಸಾಮೂಹಿಕ ದಂಡ ಬಿತ್ತು. ಊರಿಗೆ ಊರೇ ಸಂಚಿನಲ್ಲಿದೆ ಎಂಬ ಊಹೆಯಲ್ಲದೆ ಅದಕ್ಕೆ ಬೇರೆ ತಳಹದಿ ಇರಲಿಲ್ಲ.

ಸಂಚೇ ಇರಲಿಲ್ಲ ಎನ್ನುವುದೂ ಅತಿಯಾದೀತು. ಜುಲೈ ಕೊನೆಯಲ್ಲಿ ಆಂಧ್ರ ಪ್ರಾಂತೀಯ ಕಾಂಗ್ರೆಸ್ ಸಮಿತಿ ಹೊರಡಿಸಿದ ಸುತ್ತೋಲೆಯಲ್ಲಿ ತಂತಿ ಕಡಿಯುವ ಮಾತಿತ್ತು. ಜೀವಹಾನಿಯಾಗದಂತೆ ಎಚ್ಚರ ವಹಿಸಿದರೆ ತಂತಿ ಕಡಿಯುವುದನ್ನು ಆಕ್ಷೇಪಿಸಲಾಗದು ಎಂದು ಗಾಂಧೀಜಿಯ ಅನುಯಾಯಿ ಕಿಶೋರಲಾಲ ಮಶ್ರೂವಾಲಾ ಆಗಸ್ಟ್ 23ರ ‘ಹರಿಜನ’ ಪತ್ರಿಕೆಯಲ್ಲಿ ಬರೆದರು. ಉತ್ತರ ಕರ್ನಾಟಕದ ಭೂಗತ ತಂಡಗಳಿಗೆ ಪರಸ್ಪರ ಸಂಪರ್ಕವಿತ್ತು, ರಂಗರಾವ್ ದಿವಾಕರರಂಥವರು ಭೂಗತರಾಗಿಯೇ ಅವರೊಡನೆ ಇದ್ದರು. ಆದರೆ ಅಲ್ಲಲ್ಲಿನ ಯೋಜನೆ ಒಂದು, ಟೋಕಿಯೋದಿಂದಲೋ ಗಾಂಧೀಜಿಯ ವಾರ್ಧಾದಿಂದಲೋ ಬಂದ ಆಜ್ಞೆ ಇನ್ನೊಂದು. 1857ರಲ್ಲಿ ತಂತಿ ಕಡಿದವರ ಕೈಯಲ್ಲಿ ಯಾರ ಸುತ್ತೋಲೆಯೂ ಇರಲಿಲ್ಲ.

1943ರ ಫೆಬ್ರವರಿಯಲ್ಲಿ, ಗಾಂಧೀಜಿ ಆಗಾಖಾನ್ ಅರಮನೆಯಲ್ಲಿ ಇಪ್ಪತ್ತೊಂದು ದಿನಗಳ ಉಪವಾಸದಲ್ಲಿದ್ದಾಗ, ಭಾರತ ಸರ್ಕಾರ ಗಲಭೆಗಳಿಗೆ ಕಾಂಗ್ರೆಸ್ಸೇ ಹೊಣೆ ಎಂಬ ಪುಸ್ತಿಕೆ ಹೊರತಂದಿತು. ಜುಲೈ 15ರಂದು ಗಾಂಧೀಜಿ ಅದಕ್ಕೆ ಆರೋಪದಿಂದ ಆರೋಪಕ್ಕೆ ಸಾಗುವ ದೀರ್ಘ ಉತ್ತರ ಬರೆದರು. ಸರ್ಕಾರದ ಬಳಿ ಪುರಾವೆ ಇದ್ದರೆ ನಿಷ್ಪಕ್ಷಪಾತ ನ್ಯಾಯಮಂಡಲಿಯ ಮುಂದೆ ಇಡಲಿ ಎಂಬುದು ಅವರು ಮತ್ತೆಮತ್ತೆ ಕೇಳಿದ್ದು. ಅಂಥ ಮಂಡಲಿ ಕೊನೆಗೂ ಕೂರಲಿಲ್ಲ. ಬೆಳಗಾವಿ ಧಾರವಾಡಗಳ ಹುಡುಗರಿಗೆ ಕಂಬ ಹತ್ತಿದ್ದಕ್ಕೆ ಶಿಕ್ಷೆಯಾಯಿತು, ಅವರನ್ನು ಹತ್ತಿಸಿದವರು ಯಾರೆಂದು ಲಂಡನ್ನಿನಲ್ಲಿ ಆಡಿದ ಮಾತನ್ನು ಮಾತ್ರ ಯಾವ ನ್ಯಾಯಾಲಯದಲ್ಲೂ ಯಾರೂ ರುಜುವಾತು ಮಾಡಬೇಕಾಗಿ ಬರಲಿಲ್ಲ.