ಎಷ್ಟನೆಯ ಮೇವೆನ್ ಬೇಕು? ಪ್ಲಗಿನ್ ಆವೃತ್ತಿ ನಿಯಮಗಳ ಚರಿತ್ರೆ

ಜಾವಾ ತಂತ್ರಾಂಶವನ್ನು ಕಟ್ಟುವ ಅಪಾಚೆ ಮೇವೆನ್ ಸ್ವತಃ ಮಾಡುವ ಕೆಲಸ ಕಡಿಮೆ. ಕೋಡ್ ಕಂಪೈಲ್ ಮಾಡುವುದು, ಪರೀಕ್ಷೆ ಓಡಿಸುವುದು, ಜಾರ್ ಕಡತ ತಯಾರಿಸುವುದು ಎಲ್ಲವೂ ಪ್ಲಗಿನ್‌ಗಳ ಪಾಲು. ಪ್ಲಗಿನ್ ಬರೆಯುವವರು ಬೇರೆ, ಮೇವೆನ್ ಬೆಳೆಸುವವರು ಬೇರೆ, ಎರಡನ್ನೂ ಇಳಿಸಿಕೊಂಡು ಬಳಸುವವರು ಬೇರೆ ಆಗಿರಬಹುದು. ಆದ್ದರಿಂದ ಯಾವ ಪ್ಲಗಿನ್‌ಗೆ ಎಷ್ಟನೆಯ ಮೇವೆನ್ ಬೇಕೆಂದು ಬರೆದಿಡುವ ನಿಯಮ ಅನಿವಾರ್ಯವಾಯಿತು.

ಜೇಸನ್ ವ್ಯಾನ್ ಝೈಲ್ ಆರಂಭಿಸಿದ ಈ ಸಲಕರಣೆಯ 1.0 ಆವೃತ್ತಿ 2004ರಲ್ಲಿ ಬಂತು. 2005ರ ಅಕ್ಟೋಬರ್‌ನಲ್ಲಿ ಬಂದ 2.0 ಬಹುಮಟ್ಟಿಗೆ ಹೊಸದೇ ಆಗಿತ್ತು. ಪ್ರಾಜೆಕ್ಟಿನ ವಿವರ ಬರೆಯುವ ಪೋಮ್ ಕಡತದಲ್ಲಿ ‘ಪ್ರೀರಿಕ್ವಿಸಿಟ್ಸ್’ ಎಂಬ ಭಾಗ ಇತ್ತು. ಅಲ್ಲಿ 2.0.6 ಎಂದು ಬರೆದರೆ ‘ಕನಿಷ್ಠ 2.0.6 ಇರಲೇಬೇಕು’ ಎಂದರ್ಥ. ಅದೇ ಕಡತದ ಅವಲಂಬನೆಗಳ ಪಟ್ಟಿಯಲ್ಲಿ ಬರಿಯ 1.0 ಎಂದು ಬರೆದರೆ ಅದು ಶರತ್ತಲ್ಲ, ಮೇವೆನ್ ಬೇಕಾದರೆ ಬದಲಿಸಬಹುದಾದ ಕೋರಿಕೆ. ಕಟ್ಟುನಿಟ್ಟಾಗಿ ಅದೇ ಬೇಕೆಂದರೆ [1.0], 1.0ರಿಂದ 2.0ರ ಒಳಗೆ ಎಂದರೆ [1.0,2.0) ಎಂದು ಗಣಿತದ ಅಂತರಾಲ ಚಿಹ್ನೆಯಲ್ಲಿ ಬರೆಯಬೇಕು. ಒಂದೇ ಕಡತದಲ್ಲಿ ಬರಿಯ ಸಂಖ್ಯೆಗೆ ಹೀಗೆ ಎರಡು ಅರ್ಥ ಕೊಟ್ಟದ್ದು ವಿನ್ಯಾಸದ ತಪ್ಪೇ ಸರಿ. ಹೊಸಬರು ಇಂದಿಗೂ ಇಲ್ಲಿ ಎಡವುತ್ತಾರೆ.

ಇದಕ್ಕಿಂತ ದೊಡ್ಡ ತೊಂದರೆ ಬಂದದ್ದು ಏನೂ ಬರೆಯದೆ ಬಿಡಲು ಅವಕಾಶ ಕೊಟ್ಟದ್ದರಿಂದ. ಪ್ಲಗಿನ್‌ನ ಆವೃತ್ತಿ ನಮೂದಿಸದಿದ್ದರೆ ಮೇವೆನ್ 2 ತಾನೇ ಹೊಸದನ್ನು ಹುಡುಕಿ ತರುತ್ತಿತ್ತು. ನಿನ್ನೆ ಸರಿಯಾಗಿದ್ದ ಬಿಲ್ಡ್, ಕೋಡಿನ ಒಂದು ಅಕ್ಷರವೂ ಬದಲಾಗದೆ ಇಂದು ಮುರಿಯಬಹುದಿತ್ತು. 2008ರ 2.0.9ರಲ್ಲಿ ಮುಖ್ಯ ಪ್ಲಗಿನ್‌ಗಳ ಆವೃತ್ತಿಯನ್ನು ಮೂಲ ಪೋಮ್‌ನಲ್ಲೇ ಗೊತ್ತುಪಡಿಸಲಾಯಿತು. 2010ರಲ್ಲಿ ಬಂದ ಮೇವೆನ್ 3, ಪ್ಲಗಿನ್‌ನ ಆವೃತ್ತಿ ಬರೆಯದವರಿಗೆ ಎಚ್ಚರಿಕೆ ಕೊಡತೊಡಗಿತು.

ಸಂಖ್ಯೆಗಳನ್ನು ಹೋಲಿಸುವುದೂ ಸುಲಭವಾಗಿರಲಿಲ್ಲ. ಮೇವೆನ್ 2 ‘ಆಲ್ಫಾ-2’, ‘ಆಲ್ಫಾ-10’ ಎಂಬ ಬಾಲಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುತ್ತಿದ್ದುದರಿಂದ ಹತ್ತನೆಯದು ಎರಡನೆಯದಕ್ಕಿಂತ ಹಳೆಯದಾಗುತ್ತಿತ್ತು. ಮೇವೆನ್ 3 ಇದನ್ನು ಸರಿಪಡಿಸಿತು. ಆದರೂ 2.0ರ ಬೀಟಾ 2.0ಗಿಂತ ಕೆಳಗಿನದೆಂದೇ ಲೆಕ್ಕ. ಹಾಗಾಗಿ 2.0 ಬೇಡವೆಂದು [1.5,2.0) ಬರೆದವರ ಅಂಗಳಕ್ಕೂ ಆ ಬೀಟಾ ಕಾಲಿಡುತ್ತದೆ.

ಕನಿಷ್ಠ ಆವೃತ್ತಿಯ ನಿಯಮಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು 2013ರಲ್ಲಿ. ಅವಲಂಬನೆಗಳನ್ನು ಹುಡುಕಿ ತರುವ ಈಥರ್ ಗ್ರಂಥಾಲಯ ಸೋನಾಟೈಪ್ ಕಂಪನಿಯಿಂದ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಹೋಗಿತ್ತು. ಅದರೊಂದಿಗೆ ಅದರ ಪ್ಯಾಕೇಜುಗಳ ಹೆಸರೂ ಬದಲಾಯಿತು, ಮತ್ತು ಮೇವೆನ್ 3.1 ಆ ಹೊಸ ಹೆಸರನ್ನೇ ಬಳಸಿತು. ಹಳೆಯ ಹೆಸರನ್ನು ನೆಚ್ಚಿದ್ದ ಪ್ಲಗಿನ್‌ಗಳು ಕ್ಲಾಸ್ ಸಿಗುತ್ತಿಲ್ಲವೆಂದು ನಿಂತುಹೋದವು. ‘ಕನಿಷ್ಠ 3.0’ ಎಂಬ ಅವುಗಳ ಶರತ್ತು ಅಕ್ಷರಶಃ ಪೂರೈಸಿತ್ತು, ಆದರೂ ಕೆಲಸ ಕೆಟ್ಟಿತು. ಇಲ್ಲಿ ಪ್ಲಗಿನ್ ಬರೆದವರನ್ನು ದೂರುವುದು ನ್ಯಾಯವಲ್ಲ. ಕೆಳಗಿನ ಮಿತಿಯನ್ನು ಹಳೆಯ ಮೇವೆನ್ ಮೇಲೆ ಓಡಿಸಿ ನೋಡಿ ಹೇಳಬಹುದು, ಆದರೆ ಮೇಲಿನ ಮಿತಿ ಇನ್ನೂ ಹುಟ್ಟದ ಆವೃತ್ತಿಯ ಬಗೆಗಿನ ಊಹೆ. ಊಹಿಸಿ ಮಿತಿ ಹಾಕಿದ್ದರೆ, ಸರಿಯಾಗಿಯೇ ನಡೆಯಬಲ್ಲ ಎಷ್ಟೋ ಪ್ಲಗಿನ್‌ಗಳು ಹೊಸ ಮೇವೆನ್‌ನಲ್ಲಿ ವಿನಾಕಾರಣ ಬಾಗಿಲ ಹೊರಗೆ ನಿಲ್ಲುತ್ತಿದ್ದವು.

ಮೇವೆನ್ 3ರಲ್ಲಿ ‘ಪ್ರೀರಿಕ್ವಿಸಿಟ್ಸ್’ ಪ್ಲಗಿನ್ ಪ್ರಾಜೆಕ್ಟುಗಳಿಗೆ ಮಾತ್ರ ಉಳಿಯಿತು. ಉಳಿದವರು ಎನ್ಫೋರ್ಸರ್ ಪ್ಲಗಿನ್‌ನಲ್ಲಿ ತಮ್ಮ ನಿಯಮ ಬರೆಯಬೇಕಾಯಿತು. 2014ರಲ್ಲಿ ಮೇವೆನ್ 2ರ ಆಯುಷ್ಯ ಮುಗಿದ ಮೇಲೆ ಪ್ಲಗಿನ್‌ಗಳ ಕೆಳಮಿತಿ ಒಂದೊಂದೇ ಮೆಟ್ಟಿಲು ಏರಿತು. ಕಂಪೈಲರ್ ಪ್ಲಗಿನ್‌ನ 3.11.0ಕ್ಕೆ ಮೇವೆನ್ 3.2.5 ಸಾಕಿತ್ತು, 3.13.0ಕ್ಕೆ 3.6.3 ಬೇಕಾಯಿತು. ಮೊದಲ ಅಂಕೆ ಎರಡರಲ್ಲೂ ಮೂರೇ ಆದ್ದರಿಂದ, ಪ್ಲಗಿನ್ ಬದಲಿಸುವ ಮುನ್ನ ಅದರ ಅಗತ್ಯಗಳ ಪುಟವನ್ನು ಒಮ್ಮೆ ಓದಲೇಬೇಕು.